ಮಾತು ಉಳಿಯಿತು, ಧಾತು ಅಳಿಯಿತು

ಸಂಗೀತದ ವಿಷಯದಲ್ಲಿ ಲೋಕದ ನೆನಪು ಬಹಳ ಜಿಪುಣವಾದುದು. ಒಂದೊಂದು ನಾಡಿಗೆ, ಒಂದೊಂದು ಕಾಲಕ್ಕೆ ಮೂರೋ ನಾಲ್ಕೋ ಹೆಸರುಗಳನ್ನು ಗಂಟುಕಟ್ಟಿ ಇಟ್ಟುಕೊಂಡು ಮಿಕ್ಕುದನ್ನೆಲ್ಲ ಅದು ಹೊಳೆಗೆ ಬಿಟ್ಟುಬಿಡುತ್ತದೆ. ಹದಿನೇಳು, ಹದಿನೆಂಟನೆಯ ಶತಮಾನಗಳ ಯೂರೋಪಿನ ಸಂಗೀತವೆಂದರೆ ಬಾಖ್, ಹ್ಯಾಂಡಲ್, ಹೇಡನ್, ಮೊಟ್ಸಾರ್ಟ್. ನಮ್ಮ ಕಡೆಯ ಸಂಗೀತವೆಂದರೆ ಮೊದಲು ಪುರಂದರದಾಸರು, ಆಮೇಲೆ ತ್ಯಾಗರಾಜಾದಿ ತ್ರಿಮೂರ್ತಿಗಳು. ಪುರಂದರದಾಸರು ಕಾಲವಾದುದು 1564ರಲ್ಲಿ. ತ್ಯಾಗರಾಜರು ಹುಟ್ಟಿದುದು 1767ರಲ್ಲಿ. ನಡುವೆ ಇನ್ನೂರು ವರ್ಷಗಳ ಮೇಲೆ ಮೂರು. ಈ ಇನ್ನೂರು ವರ್ಷ ಕನ್ನಡನಾಡಿನಲ್ಲಿ ಯಾರೂ ಹಾಡು ಕಟ್ಟಲಿಲ್ಲವೆ? ಕಟ್ಟಿದ್ದರೆ ಅವರೆಲ್ಲ ಎಲ್ಲಿಗೆ ಹೋದರು?

ಯೂರೋಪಿನ ಸಂಗೀತ ಚರಿತ್ರಕಾರರು 1600ರಿಂದ 1750ರವರೆಗಿನ ಕಾಲವನ್ನು 'ಬರೋಕ್' ಎಂದು ಕರೆಯುತ್ತಾರೆ. ಪೋರ್ಚುಗೀಸ್ ಭಾಷೆಯಲ್ಲಿ ಓರೆಕೋರೆಯಾದ ಮುತ್ತಿಗೆ ಇದ್ದ ಹೆಸರಿನಿಂದ ಈ ಮಾತು ಬಂದಿತೆಂದು ಹೇಳುವುದುಂಟು. ಅದರ ಮುಂದಿನ ಅರ್ಧ ಶತಮಾನದ ಚಿಲ್ಲರೆ 'ಕ್ಲಾಸಿಕಲ್' ಕಾಲ. ನಮ್ಮ ಆ ಖಾಲಿಯಾದ ಇನ್ನೂರು ವರ್ಷಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಇಡೀ ಬರೋಕ್ ಯುಗವೂ ಕ್ಲಾಸಿಕಲ್ ಯುಗದ ಆರಂಭವೂ ಅದರೊಳಗೆ ಅಡಗಿ ಕುಳಿತುಕೊಳ್ಳುತ್ತವೆ. ಆ ಕಾಲದಲ್ಲಿ ನಮ್ಮಲ್ಲಿಯೂ ವಾಗ್ಗೇಯಕಾರರಿದ್ದರು. ಅವರ ಗತಿ ಏನಾಯಿತೆಂಬುದನ್ನು ವಿಚಾರಿಸುವುದೇ ಈ ಬರೆಹದ ಉದ್ದೇಶ.

ವಾಗ್ಗೇಯಕಾರ ಎಂಬ ಪದವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತರತ್ನಾಕರ'ದಲ್ಲಿ ಇದನ್ನು ವಿವರಿಸಿದ್ದಾನೆ. ಹಾಡಿನ ಸಾಹಿತ್ಯಭಾಗಕ್ಕೆ 'ಮಾತು' ಎಂದು ಹೆಸರು. ಸ್ವರಭಾಗಕ್ಕೆ 'ಧಾತು' ಎಂದು ಹೆಸರು. ಎರಡನ್ನೂ ಕಟ್ಟಬಲ್ಲವನೇ ವಾಗ್ಗೇಯಕಾರ. ಧಾತು ಚೆನ್ನಾಗಿದ್ದು ಮಾತು ಮಂದವಾದರೆ ಅವನು ಮಧ್ಯಮ. ಮಾತು ಎಷ್ಟು ರಮ್ಯವಾಗಿದ್ದರೂ ಧಾತು ಮಂದವಾದರೆ ಅವನು ಅಧಮ. ಕನ್ನಡ ಪಾಠ ಹೇಳುವ ನಮ್ಮಂಥವರಿಗೆ ಈ ತೀರ್ಪು ಸ್ವಲ್ಪ ಕಹಿಯೇ. ಏಕೆಂದರೆ ದಾಸರ ಪದಗಳನ್ನು ತರಗತಿಯಲ್ಲಿ ನಾವು ಓದಿಸುವುದು ಮಾತನ್ನು ಮಾತ್ರ. ಭಾಷೆ, ಛಂದಸ್ಸು, ಅಂಕಿತ, ಆಶಯ ಎಂದು ಟಿಪ್ಪಣಿ ಬರೆಸುತ್ತೇವೆ. ಧಾತುವಿನ ಸುದ್ದಿ ಪರೀಕ್ಷೆಗೆ ಬರುವುದಿಲ್ಲ.

ಮೊದಲು ಮೈಸೂರಿಗೇ ಬರೋಣ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರನ್ನು ಶಾಲೆಯ ಪುಸ್ತಕಗಳು ಅಠಾರಾ ಕಚೇರಿಯ ಸ್ಥಾಪಕರೆಂದೂ ನವಕೋಟಿ ನಾರಾಯಣರೆಂದೂ ಬಲ್ಲವು. ಸಾಹಿತ್ಯ ಚರಿತ್ರೆ ಅವರನ್ನು ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಇವರೆಲ್ಲರ ಆಶ್ರಯದಾತರೆಂದು ನೆನೆಯುತ್ತದೆ. ಅವರ ಹೆಸರಿನಲ್ಲಿ 'ಗೀತಗೋಪಾಲ' ಎಂಬ ಹಾಡುಗಬ್ಬವೊಂದಿದೆ. ಜಯದೇವನ 'ಗೀತಗೋವಿಂದ'ವೇ ಅದಕ್ಕೆ ಮೇಲ್ಪಂಕ್ತಿ. ಜಯದೇವನದು ಅಷ್ಟಪದಿಯಾದರೆ ಇಲ್ಲಿಯದು ಸಪ್ತಪದಿ, ಏಳೇಳು ನುಡಿಗಳ ಹಾಡು. ಇದನ್ನು ಕಟ್ಟಿದವನು ನಿಜವಾಗಿ ತಿರುಮಲಾರ್ಯನೇ ಎಂದು ವಾದಿಸುವ ವಿದ್ವಾಂಸರೂ ಉಂಟು. ಅದು ಹಾಗಿರಲಿ. ಅರಸನೇ ಬರೆದಿರಲಿ, ಮಂತ್ರಿಯೇ ಬರೆದಿರಲಿ, ಅದು ಹಾಡಿಗೆಂದೇ ಹುಟ್ಟಿದ ಕೃತಿ. ಇಂದು ಅದು ಗ್ರಂಥಭಂಡಾರದ ಬೀರುವಿನಲ್ಲಿ ಓದುವ ಕೃತಿಯಾಗಿ ಕುಳಿತಿದೆ. ಶ್ರೀರಂಗಪಟ್ಟಣದ ಅರಮನೆಯಲ್ಲಿ ಅದು ಕೇಳಿಸಿದ ಬಗೆ ಯಾವ ಕಿವಿಗೂ ಈಗ ತಿಳಿಯದು.

ಚಿಕ್ಕದೇವರಾಜರು ಹುಟ್ಟಿದುದು 1645ರಲ್ಲಿ, ತೀರಿಕೊಂಡದ್ದು 1704ರಲ್ಲಿ. ಇದೇ ಅವಧಿಗೆ ಸರಿಯಾಗಿ ಆಸ್ಟ್ರಿಯದ ಸಾಲ್ಸ್‌ಬರ್ಗ್ ಪಟ್ಟಣದಲ್ಲಿ ಬೀಬರ್ ಎಂಬ ಪಿಟೀಲು ವಿದ್ವಾಂಸನೊಬ್ಬನಿದ್ದ. ಅವನು ಹುಟ್ಟಿದುದು 1644ರಲ್ಲಿ, ಸತ್ತುದು ಅದೇ 1704ರಲ್ಲಿ. ಅಲ್ಲಿಯ ಮಹಾಪಾದ್ರಿಯ ಆಸ್ಥಾನದಲ್ಲಿ ಅವನಿಗೆ ಊಳಿಗ. ಮೇರಿ ಮಾತೆಯ ಜಪಮಾಲೆಯ ಧ್ಯಾನಕ್ಕೆಂದು ಹದಿನೈದು ಸೊನಾಟಗಳನ್ನೂ ಕೊನೆಗೆ ಒಂಟಿ ಪಿಟೀಲಿನ ಒಂದು ದೀರ್ಘ ರಚನೆಯನ್ನೂ ಅವನು ಕಟ್ಟಿದ. ಮೊದಲನೆಯದನ್ನು ಬಿಟ್ಟರೆ ಒಂದೊಂದು ಸೊನಾಟಕ್ಕೂ ಪಿಟೀಲಿನ ತಂತಿಗಳ ಶ್ರುತಿಯನ್ನೇ ಬೇರೆಬೇರೆಯಾಗಿ ಮಾರ್ಪಡಿಸಿಕೊಳ್ಳಬೇಕೆಂಬುದು ಅವನ ವಿಚಿತ್ರ ನಿಯಮ. ಬೀಬರ್ ಸತ್ತ ಮೇಲೆ ಈ ಕೃತಿಯನ್ನು ಲೋಕ ಮರೆತೇಬಿಟ್ಟಿತು. ಒಂದೇ ಒಂದು ಹಸ್ತಪ್ರತಿ ಮ್ಯೂನಿಕ್ ನಗರದ ಗ್ರಂಥಾಲಯದಲ್ಲಿ ಉಳಿದುಕೊಂಡಿತ್ತು. ಅದಕ್ಕೆ ಶೀರ್ಷಿಕೆಯ ಪುಟವೂ ಇರಲಿಲ್ಲ. 1905ರಲ್ಲಿ ಅದು ಅಚ್ಚಾಯಿತು. ಇನ್ನೂರು ವರ್ಷ ಮೌನವಾಗಿದ್ದ ಸಂಗೀತ ಮತ್ತೆ ಬಾಯಿ ತೆರೆಯಿತು. ಇಂದು ಅದನ್ನು ನುಡಿಸದ ಬರೋಕ್ ಪಿಟೀಲುಗಾರ ಅಪರೂಪ.

ಒಂದೇ ವರ್ಷ ಕಣ್ಮುಚ್ಚಿದ ಇಬ್ಬರು. ಒಬ್ಬನ ಸ್ವರ ಕಾಗದದ ಮೇಲೆ ನಿದ್ದೆಮಾಡುತ್ತಿದ್ದು ಎದ್ದಿತು. ಇನ್ನೊಬ್ಬರ ಕೃತಿಯಲ್ಲಿ ಎಬ್ಬಿಸಲು ಸ್ವರವೇ ಇಲ್ಲ.

ಚಿಕ್ಕದೇವರಾಜರ ಮಾತು ಬಂದಾಗ ನಮ್ಮ ನಂಜನಗೂಡನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಹೊಸ ಕಂದಾಯಗಳ ವಿರುದ್ಧ ರೈತರು ಎದ್ದಾಗ ಅವರ ಬೆನ್ನಿಗಿದ್ದ ಜಂಗಮರನ್ನು ಅರಸ ನಂಜನಗೂಡಿಗೆ ಕರೆಸಿ ಕೊಲ್ಲಿಸಿದನೆಂದೂ ನೂರಾರು ಮಠಗಳು ಹಾಳಾದುವೆಂದೂ ಕರ್ನಲ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಅವನು ಬರೆದುದು ಘಟನೆ ನಡೆದು ನೂರು ವರ್ಷಗಳ ಮೇಲೆ, ಬಾಯಿಂದ ಬಾಯಿಗೆ ಬಂದ ಸುದ್ದಿಯನ್ನು ನಂಬಿ. ಅದರ ವಿವರಗಳನ್ನು ಇತಿಹಾಸಜ್ಞರು ಚರ್ಚಿಸುತ್ತಲೇ ಬಂದಿದ್ದಾರೆ. ಆದರೆ ಅದರಲ್ಲಿ ಸ್ವಲ್ಪಾಂಶವೇ ನಿಜವೆಂದರೂ ಸಂಗೀತದ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ಮಠವೆಂದರೆ ಬರಿಯ ಕಟ್ಟಡವಲ್ಲ. ಅಲ್ಲಿ ವಚನ, ಸ್ವರವಚನ, ತತ್ತ್ವಪದಗಳನ್ನು ಬಾಯಲ್ಲಿಟ್ಟುಕೊಂಡ ಜನವಿರುತ್ತದೆ. ಬರೆಯದ ಸಂಗೀತಕ್ಕೆ ಹಾಡುವವನ ಕೊರಳೇ ತಾಳೆಗರಿ. ಕೊರಳು ಹೋದರೆ ಗ್ರಂಥ ಸುಟ್ಟಂತೆಯೇ.

ಈಗ ತುಂಗಭದ್ರೆಯ ಆಚೆಗೆ ಹೋಗೋಣ. ವಿಜಯನಗರ ಮುರಿದ ಮೇಲೆ ತಣ್ಣಗಾಗಿದ್ದ ದಾಸಕೂಟ ಮತ್ತೆ ಚಿಗುರಿದುದು ರಾಯಚೂರಿನ ಸೀಮೆಯಲ್ಲಿ. ಮಾನ್ವಿಯ ಬಳಿಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರ ಕಾಲ 1682ರಿಂದ 1755. ಬಾಖ್ ಬದುಕಿದುದು 1685ರಿಂದ 1750. ಇಬ್ಬರೂ ಸಮಕಾಲೀನರು, ಇಬ್ಬರೂ ತಾವು ಕಟ್ಟಿದ್ದನ್ನೆಲ್ಲ ದೇವರ ಪಾದದಲ್ಲಿಟ್ಟವರು. ಪುರಂದರದಾಸರು ಐದು ಲಕ್ಷ ಪದಗಳ ಸಂಕಲ್ಪ ಮಾಡಿ ಇಪ್ಪತ್ತೈದು ಸಾವಿರ ಉಳಿಸಿಹೋದರೆಂದೂ ಆ ಬಾಕಿಯನ್ನು ವಿಜಯದಾಸರು ತೀರಿಸಿದರೆಂದೂ ಸಂಪ್ರದಾಯದವರು ಹೇಳುತ್ತಾರೆ. ಈ ಲೆಕ್ಕವನ್ನು ಶಾನುಭೋಗರ ಕಡತದಂತೆ ತಪಾಸಣೆ ಮಾಡಬೇಕಾಗಿಲ್ಲ. ಒಬ್ಬರ ಹಾಡು ಇನ್ನೊಬ್ಬರ ಋಣವೆಂಬ ಭಾವನೆಯೇ ಅದರಲ್ಲಿ ಮುಖ್ಯವಾದುದು.

ವಿಜಯದಾಸರ ಹಿರಿಮೆಯಿರುವುದು ಸುಳಾದಿಗಳಲ್ಲಿ. ಸುಳಾದಿಯ ರಚನೆ ಕೇಳುವವರಿಗೆ ಕುತೂಹಲಕರವಾದುದು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳ ಬದಲಾಗುತ್ತ ಒಂದಾದ ಮೇಲೊಂದು ನುಡಿ ಬರುತ್ತದೆ. ಕೊನೆಯಲ್ಲಿ ಎರಡು ಸಾಲಿನ 'ಜತೆ' ಬಂದು ಹೇಳಿದುದನ್ನೆಲ್ಲ ಗಂಟುಹಾಕುತ್ತದೆ. ತಾಳ ಮಾರ್ಪಟ್ಟಂತೆ ನಡೆಯೂ ಭಾವವೂ ಮಾರ್ಪಡುತ್ತವೆ. ವಿಷಯ ಮಾತ್ರ ಒಂದೇ. ಬಾಖ್‌ನ ಕಾಲದ ಯೂರೋಪಿನಲ್ಲಿ ಇದಕ್ಕೆ ಹತ್ತಿರದ ಸೋದರನೊಬ್ಬನಿದ್ದಾನೆ. ಅದಕ್ಕೆ 'ಸ್ವೀಟ್' ಎಂದು ಹೆಸರು; ಮಿಠಾಯಿಗೂ ಅದಕ್ಕೂ ಸಂಬಂಧವಿಲ್ಲ. ಆಲ್ಮಾಂದ್, ಕುರಾಂತ್, ಸಾರಾಬಾಂದ್, ಜೀಗ್ ಎಂಬ ಬೇರೆಬೇರೆ ನಡೆಯ ಕುಣಿತದ ಗತ್ತುಗಳನ್ನು ಒಂದೇ ಶ್ರುತಿಯ ಸೂತ್ರದಲ್ಲಿ ಪೋಣಿಸಿದ ಮಾಲೆ ಅದು. ಬಾಖ್ ಒಂಟಿ ಚೆಲೋ ವಾದ್ಯಕ್ಕೆಂದು ಅಂಥ ಆರು ಮಾಲೆಗಳನ್ನು ಕಟ್ಟಿದ. ಅವನು ಸ್ವಹಸ್ತದಿಂದ ಬರೆದ ಪ್ರತಿ ಸಿಕ್ಕಿಲ್ಲ. ಅವನ ಹೆಂಡತಿ ಆನ್ನ ಮಗ್ದಲೇನ ಎತ್ತಿಟ್ಟ ನಕಲು ಸಿಕ್ಕಿದೆ. ಒಬ್ಬ ಗೃಹಿಣಿಯ ಕೈಬರೆಹದಿಂದ ಎಷ್ಟು ಲಾಭವಾಯಿತು ನೋಡಿ!

ನಮ್ಮ ಸುಳಾದಿಗಳನ್ನು ಇಂದು ಬಹುಮಟ್ಟಿಗೆ ಪಾರಾಯಣ ಮಾಡುತ್ತಾರೆ. ಭಕ್ತಿಗೆ ಅದು ಸಾಕು. ಸಂಗೀತಕ್ಕೆ ಸಾಲದು. ತಾಳದ ಹೆಸರು ತಲೆಯ ಮೇಲಿದೆ, ಕೆಲವೆಡೆ ರಾಗದ ಹೆಸರೂ ಇದೆ. ದಾಸರು ಹಾಕಿದ ಹೆಜ್ಜೆ ಮಾತ್ರ ಹೆಚ್ಚಿನ ಕಡೆ ಅಳಿಸಿಹೋಗಿದೆ. ಆಶ್ಚರ್ಯವೆಂದರೆ ಸ್ವರಸಹಿತವಾದ ಸುಳಾದಿಗಳನ್ನು ಹುಡುಕಲು ನಾವು ತಂಜಾವೂರಿಗೆ ಹೋಗಬೇಕು. ಅಲ್ಲಿಯ ಮರಾಠಾ ದೊರೆಗಳ ಸರಸ್ವತಿ ಮಹಲಿನ ಹಸ್ತಪ್ರತಿಗಳಲ್ಲಿ ಕನ್ನಡ ಸುಳಾದಿಗಳು ಸ್ವರದೊಡನೆ ಬರೆದಿಟ್ಟಿರುವುದು ಸಿಗುತ್ತದೆ. 1728ರಿಂದ 1736ರವರೆಗೆ ಆಳಿದ ತುಳಜ ಮಹಾರಾಜ ತನ್ನ 'ಸಂಗೀತ ಸಾರಾಮೃತ'ದಲ್ಲಿ ರಾಗಲಕ್ಷಣಕ್ಕೆ ಉದಾಹರಣೆಯಾಗಿ ಪುರಂದರದಾಸರ ಸುಳಾದಿಗಳನ್ನು ಎತ್ತಿಕೊಂಡಿದ್ದಾನೆ. ಮರಾಠಿ ಮನೆಮಾತಿನ ಅರಸ, ತಮಿಳುನಾಡಿನ ನೆಲ, ಸಂಸ್ಕೃತದ ಗ್ರಂಥ. ಅದರೊಳಗೆ ಕನ್ನಡದ ಹಾಡು. ನಮ್ಮ ಒಡವೆಯನ್ನು ನೆರೆಮನೆಯವರು ಜೋಪಾನಮಾಡಿದರು.

ವಿಜಯದಾಸರ ಶಿಷ್ಯರು ಗೋಪಾಲದಾಸರು. ಗೋಪಾಲದಾಸರ ಶಿಷ್ಯರು ಜಗನ್ನಾಥದಾಸರು. ಮಾನ್ವಿಯ ಬಳಿಯ ಬ್ಯಾಗವಟ್ಟಿನಲ್ಲಿ 1728ರಲ್ಲಿ ಹುಟ್ಟಿದ ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಇಲ್ಲಿ ಮತ್ತೊಂದು ಜೋಡಿ ಕಣ್ಣಿಗೆ ಬೀಳುತ್ತದೆ. ಸಿಂಫೊನಿಗಳ ಪಿತಾಮಹನೆನಿಸಿದ ಹೇಡನ್ ಹುಟ್ಟಿದುದು 1732ರಲ್ಲಿ, ಸತ್ತುದು 1809ರಲ್ಲಿಯೇ. ನೆಪೋಲಿಯನ್ನನ ದಂಡು ವಿಯೆನ್ನಾ ನಗರವನ್ನು ಹಿಡಿದಿದ್ದಾಗ ಅವನು ಕಣ್ಣುಮುಚ್ಚಿದ. ಎಸ್ಟರ್‌ಹಾಜಿ ಪ್ರಭುಗಳ ಮನೆಯಲ್ಲಿ ಊಳಿಗದ ಸಮವಸ್ತ್ರ ತೊಟ್ಟು ಹಲವು ದಶಕ ಸೇವೆಮಾಡಿದವನು ಹೇಡನ್. ಯಾವ ಅರಸನ ಹಂಗೂ ಇಲ್ಲದೆ ಗೋಪಾಳ ಬುಟ್ಟಿಯ ಸಂಪ್ರದಾಯದಲ್ಲಿ ಬದುಕಿದವರು ನಮ್ಮ ದಾಸರು. ಅವರ 'ಹರಿಕಥಾಮೃತಸಾರ' ಭಾಮಿನಿ ಷಟ್ಪದಿಯ ದೊಡ್ಡ ಗ್ರಂಥ. ಅದನ್ನು ಇಂದಿಗೂ ಮನೆಮನೆಗಳಲ್ಲಿ ಹಾಡುತ್ತಾರೆ. ಒಬ್ಬೊಬ್ಬರು ತಮತಮಗೆ ಒಗ್ಗಿದ ರಾಗದಲ್ಲಿ. ಪದಗಳ ವಿಷಯವೂ ಅಷ್ಟೆ. ಕಚೇರಿಯ ಕೊನೆಯಲ್ಲಿ ನಾವು ಕೇಳುವ ದಾಸರ ಪದಗಳಲ್ಲಿ ಬಹಳಷ್ಟಕ್ಕೆ ಧಾತುವನ್ನು ಹಾಕಿದವರು ಇಪ್ಪತ್ತನೆಯ ಶತಮಾನದ ಗಾಯಕರು. ಅದರಲ್ಲಿ ತಪ್ಪೇನೂ ಇಲ್ಲ. ಹಾಡು ಹಾಡಿಸಿಕೊಂಡರೆ ಬದುಕುತ್ತದೆ. ಆದರೆ ಕೇಳುವಾಗ ಮಾತು ದಾಸರದು, ಸ್ವರ ಇನ್ನೊಬ್ಬರದು ಎಂಬ ತಿಳಿವಳಿಕೆ ನಮಗಿರಬೇಕು.

ಹೆಂಗಸರ ಸಂಗತಿಯನ್ನೂ ಹೇಳಬೇಕು. ವೆನಿಸ್ ನಗರದ ಬಾರ್ಬರಾ ಸ್ಟ್ರೋಟ್ಸಿ 1644ರಿಂದ 1664ರವರೆಗೆ ಎಂಟು ಹಾಡಿನ ಸಂಪುಟಗಳನ್ನು ತನ್ನ ಹೆಸರಿನಲ್ಲಿಯೇ ಅಚ್ಚುಹಾಕಿಸಿದಳು. ಅವುಗಳಲ್ಲಿ ಒಂದು ಕಳೆದುಹೋಗಿ ಏಳು ಉಳಿದಿವೆ. ನಮ್ಮ ಹೆಳವನಕಟ್ಟೆ ಗಿರಿಯಮ್ಮ ಹದಿನೆಂಟನೆಯ ಶತಮಾನದವಳು. 'ಚಂದ್ರಹಾಸನ ಕಥೆ'ಯನ್ನೂ ಹಲವು ಕೀರ್ತನೆಗಳನ್ನೂ ಕಟ್ಟಿದ ಈ ತಾಯಿಗೆ ಅಚ್ಚಿನಮನೆಯ ಭಾಗ್ಯ ಎಲ್ಲಿಂದ ಬರಬೇಕು? ಅವಳ ಹಾಡುಗಳನ್ನು ಕಾಪಾಡಿದವರು ಹಸೆಗೆ ಕರೆಯುವಾಗ, ತೊಟ್ಟಿಲು ತೂಗುವಾಗ, ಆರತಿ ಎತ್ತುವಾಗ ಹಾಡಿದ ಹೆಂಗಸರು. ಪಂಡಿತರು ಇದನ್ನು 'ಹೆಂಗಳೆಯರ ಹಾಡು' ಎಂದು ಪಕ್ಕಕ್ಕಿಟ್ಟರು. ಹಳೆಯ ಮಟ್ಟಿನ ಎಳೆಯೇನಾದರೂ ಉಳಿದಿದ್ದರೆ ಆ ಅಡುಗೆಮನೆಯ ಕೊರಳುಗಳಲ್ಲಿಯೇ ಉಳಿದಿರುವ ಸಂಭವ ಹೆಚ್ಚು.

ಇಷ್ಟೆಲ್ಲ ಅಳಿದುದರ ನಡುವೆ ಧಾತು ಸಹಿತವಾಗಿ ಉಳಿದವನೊಬ್ಬನಿದ್ದಾನೆ. ಪಚ್ಚಿಮಿರಿಯಂ ಆದಿಯಪ್ಪಯ್ಯ ಕನ್ನಡ ಮಾತಾಡುವ ಮಾಧ್ವ ಮನೆತನದವನು, ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದವನು, ಶ್ಯಾಮಾಶಾಸ್ತ್ರಿಗಳ ಗುರು. ಅವನ 'ವಿರಿಬೋಣಿ' ಎಂಬ ಭೈರವಿ ರಾಗದ ಅಟತಾಳ ವರ್ಣವನ್ನು ಕಲಿಯದೆ ಕರ್ನಾಟಕ ಸಂಗೀತದ ವಿದ್ಯಾರ್ಥಿ ಮುಂದಿನ ಮೆಟ್ಟಿಲು ಹತ್ತುವಂತಿಲ್ಲ. ವೀಣೆ ಶೇಷಣ್ಣನವರ ಮನೆತನದ ಮೂಲಪುರುಷ ಇವನೇ ಎಂದು ಮೈಸೂರಿನ ವೈಣಿಕರಲ್ಲಿ ಪ್ರತೀತಿಯಿದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಗೀತಗೋಪಾಲದ ಹಾಡುಗಳೆಲ್ಲ ಮೌನವಾಗಿ, ಈ ಒಂದು ವರ್ಣ ಮಾತ್ರ ಇಂದಿಗೂ ಎಳೆಯರ ಬೆರಳಲ್ಲಿ ಹೇಗೆ ನಡೆದಾಡುತ್ತಿದೆ? ಉತ್ತರ ಸರಳವಾದುದು. ವರ್ಣ ಪಾಠವಾಯಿತು. ಗುರು ಶಿಷ್ಯನಿಗೆ ತಿದ್ದಿತಿದ್ದಿ ಹೇಳಿಕೊಟ್ಟ. ಶಿಷ್ಯ ತನ್ನ ಶಿಷ್ಯನಿಗೆ ಹೇಳಿದ. ಮುಂದೆ 1904ರಲ್ಲಿ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಸ್ವರಗಮಕಗಳೊಡನೆ ಅಚ್ಚುಹಾಕಿಸಿದಾಗ ಹಿಂದಿನವರ ಎಷ್ಟೋ ರಚನೆಗಳು ಕಾಗದಕ್ಕೆ ಬಂದವು. ಅರಮನೆಯ ಹಾಡಿಗೆ ಈ ಭಾಗ್ಯ ಬರಲಿಲ್ಲ. ಅದು ಒಬ್ಬ ದೊರೆಯ ವೈಭವಕ್ಕೆ ಅಂಟಿಕೊಂಡಿತ್ತು. ದೊರೆ ಹೋದ ಮೇಲೆ ಅದನ್ನು ಕಲಿಸಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ.

ಹಾಗಾದರೆ ಸ್ವರಲಿಪಿಯೇ ಸರ್ವರೋಗಕ್ಕೂ ಮದ್ದೆ? ಅದೂ ಇಲ್ಲ. ವಿವಾಲ್ಡಿ 1741ರಲ್ಲಿ ವಿಯೆನ್ನಾದಲ್ಲಿ ಬಡವನಾಗಿ ಸತ್ತ. ಅವನ ಹಸ್ತಪ್ರತಿಗಳ ದೊಡ್ಡ ರಾಶಿ ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಯಾರೂ ಕೇಳದೆ ಇಟಲಿಯಲ್ಲಿ ಬಿದ್ದಿತ್ತು. 1926ರಲ್ಲಿ ಧಾರ್ಮಿಕ ವಿದ್ಯಾಸಂಸ್ಥೆಯೊಂದು ತನ್ನ ಹಳೆಯ ಪುಸ್ತಕಗಳನ್ನು ಮಾರಲು ಹೊರಟಾಗ ತೂರಿನ್ ನಗರದ ವಿದ್ವಾಂಸರು ಅದನ್ನು ಗುರುತಿಸಿದರು. ಕೊಳ್ಳಲು ಹಣವಿರಲಿಲ್ಲ. ಎಳೆಯ ಮಗನನ್ನು ಕಳೆದುಕೊಂಡಿದ್ದ ಫೋಆ ಎಂಬ ಗೃಹಸ್ಥ ಮಗುವಿನ ನೆನಪಿಗೆಂದು ಒಂದು ಪಾಲನ್ನು ಕೊಂಡು ಗ್ರಂಥಾಲಯಕ್ಕೆ ಕೊಟ್ಟ; ಅದೇ ದುಃಖ ಉಂಡಿದ್ದ ಜೋರ್ದಾನೊ ಎಂಬಾತ ಇನ್ನೊಂದು ಪಾಲನ್ನು ಕೊಂಡುಕೊಟ್ಟ. ಬಾಖ್‌ನ ದೊಡ್ಡ ಕೃತಿಯೊಂದನ್ನು 1829ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಹಾಡಿಸಿದಾಗ ಮೆಂಡೆಲ್‌ಸನ್ನನಿಗೆ ಇಪ್ಪತ್ತು ವರ್ಷ. ಬರೆದಿಟ್ಟ ಸ್ವರವೂ ಬೇಕೆನ್ನುವ ಮನುಷ್ಯನಿಗಾಗಿ ಕಾಯುತ್ತದೆ. ಕಾಯುವ ಶಕ್ತಿಯಷ್ಟೇ ಲಿಪಿ ಅದಕ್ಕೆ ಕೊಡುವುದು.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ನಮ್ಮ ಸೀಮೆಯಲ್ಲಿಯೇ ಇದೆ. ನಮ್ಮ ಹೆಮ್ಮಿಗೆಯ ಕಡೆ, ತಿರುಮಕೂಡಲು ನರಸೀಪುರ, ನಂಜನಗೂಡು, ಕೊಳ್ಳೇಗಾಲದ ಸೀಮೆಯಲ್ಲಿ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿದ್ದಾರೆ. ತಂಬೂರಿ, ಗಗ್ಗರ, ಡಕ್ಕೆಗಳನ್ನು ಹಿಡಿದು ರಾತ್ರಿಯೆಲ್ಲ ಹಾಡುತ್ತಾರೆ. ಮಾದಪ್ಪನ ಕಂಸಾಳೆಯವರದೂ ಹಾಗೆಯೇ. ಇಲ್ಲಿ ಮಟ್ಟು ಉಳಿದಿದೆ, ಕಥೆ ಉಳಿದಿದೆ. ಕಟ್ಟಿದವನ ಹೆಸರೊಂದೇ ಉಳಿದಿಲ್ಲ. ಅರಮನೆಯಲ್ಲಿ ಹೆಸರು ಉಳಿದು ದನಿ ಹೋಯಿತು. ಜಗುಲಿಯಲ್ಲಿ ದನಿ ಉಳಿದು ಹೆಸರು ಹೋಯಿತು. ತಲಕಾಡು ನಮಗೆ ಹತ್ತಿರ. ಅಲ್ಲಿ ಗುಡಿಗಳು ಮರಳಿನಲ್ಲಿ ಹೂತುಹೋದರೂ ಪಂಚಲಿಂಗ ದರ್ಶನಕ್ಕೆ ಮರಳು ಸರಿಸಿದರೆ ಕಲ್ಲು ಕಲ್ಲಾಗಿಯೇ ಸಿಗುತ್ತದೆ. ಹಾಡಿಗೆ ಆ ಸೌಕರ್ಯವಿಲ್ಲ. ಒಂದು ತಲೆಮಾರು ಹಾಡದೆ ಬಿಟ್ಟರೆ ಸರಿಸಲು ಮರಳೂ ಇರುವುದಿಲ್ಲ.

ಚರಿತ್ರೆಯ ವಿನೋದವನ್ನು ನೋಡಿ. ಚಿಕ್ಕದೇವರಾಜರ ಸಿಂಹಾಸನದಲ್ಲಿ ಮುಂದೆ ಕುಳಿತ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಮರ್ಮಜ್ಞರು. ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರನ ಹೆಸರನ್ನು ಲೋಕ ಬದಿಗಿರಿಸಿದ್ದ ಹೊತ್ತಿನಲ್ಲಿ, ಅವನ ರಚನೆಗಳು ಅವನ ಬೆರಳಿನಿಂದಲೇ ಧ್ವನಿಮುದ್ರಣವಾಗುವಂತೆ ಹಣ ಕೊಟ್ಟವರು ಮೈಸೂರಿನ ಈ ಮಹಾರಾಜರು. ಇದು 1940ರ ದಶಕದ ಕೊನೆಯ ಮಾತು. ಮೆಟ್ನರ್ 1951ರಲ್ಲಿ ತೀರಿಕೊಂಡ. ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಅವನು ಮಹಾರಾಜರಿಗೆ ಅರ್ಪಿಸಿದ. ಲಂಡನ್ನಿನ ಫಿಲ್‌ಹಾರ್ಮೊನಿಯ ಕಂಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. ಸ್ವತಃ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ಧಾತು ಸಹಿತವಾಗಿ ಕಟ್ಟಿದರು. ದೂರದ ದೇಶದ, ಮರೆತುಹೋಗುತ್ತಿದ್ದ ಸಂಗೀತಗಾರನೊಬ್ಬನನ್ನು ಮೈಸೂರು ಉಳಿಸಿತು. ಅದೇ ಅರಮನೆಯ ಪೂರ್ವಿಕರ ಗೀತಗೋಪಾಲವನ್ನು ಹಣ ಕೊಟ್ಟು ಉಳಿಸುವ ಕಾಲ ಅಷ್ಟು ಹೊತ್ತಿಗೆ ಮೀರಿತ್ತು. ಯಂತ್ರ ಹಿಡಿಯಬಲ್ಲುದು ಇರುವ ದನಿಯನ್ನು ಮಾತ್ರ.

ಹಳೆಯ ವಾಗ್ಗೇಯಕಾರರು ಏಕೆ ಅಪ್ರಸಿದ್ಧರಾದರು ಎಂದು ಕೇಳಿದರೆ ಅವರು ಸಣ್ಣವರೆಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ದಾಟಿಸುವ ಕೈ ಎಲ್ಲಿತ್ತೋ ಅಲ್ಲಿ ಉಳಿದರು, ಇಲ್ಲದ ಕಡೆ ಅಳಿದರು. ಪಾಠ ಹೇಳುವ ಗುರು, ನಕಲು ಮಾಡುವ ಹೆಂಡತಿ, ಮಗನ ನೆನಪಿಗೆ ಕಾಗದ ಕೊಳ್ಳುವ ತಂದೆ, ತೊಟ್ಟಿಲು ತೂಗುವ ಅಜ್ಜಿ, ತಂಬೂರಿ ಮೀಟುವ ನೀಲಗಾರ: ಸಂಗೀತ ಚರಿತ್ರೆಯನ್ನು ನಿಜವಾಗಿ ನಡೆಸಿದವರು ಇವರು. ಕನ್ನಡ ವಿಭಾಗಗಳೂ ಸಂಗೀತ ವಿಭಾಗಗಳೂ ಒಂದೇ ಆವರಣದಲ್ಲಿದ್ದು ಒಂದರ ಮುಖ ಒಂದು ನೋಡದೆ ಇರುವುದು ಇನ್ನು ಸಾಕು. ದಾಸಸಾಹಿತ್ಯ ಓದುವ ವಿದ್ಯಾರ್ಥಿ ಒಂದಾದರೂ ಸುಳಾದಿಯನ್ನು ತಾಳ ಹಾಕಿ ಹೇಳಬೇಕು. ಸಂಗೀತ ಕಲಿಯುವವನು ಅದರ ಅರ್ಥ ಬಿಡಿಸಬೇಕು. ಈ ಲೇಖನವನ್ನು ಓದುವವರ ಮನೆಯಲ್ಲಿ ಹಳೆಯ ಹಾಡು ಬಲ್ಲ ಹಿರಿಯರೊಬ್ಬರು ಇದ್ದಾರು. ಜೇಬಿನೊಳಗಿನ ಫೋನಿನಲ್ಲಿಯೇ ಈಗ ಧ್ವನಿಮುದ್ರಣದ ಅನುಕೂಲವಿದೆ. ಹಾಡಿಸಿ, ಹಿಡಿದಿಟ್ಟುಕೊಳ್ಳಿ, ಯಾರಿಂದ ಕಲಿತಿರಿ ಎಂದು ಮರೆಯದೆ ಕೇಳಿ ಆ ಹೆಸರನ್ನೂ ಬರೆದಿಡಿ.